ಅನಾಕ್ಸಿಕ್, ಅನೇರೋಬಿಕ್: ಎರಡಕ್ಕೂ ಒಂದೇ ಕನ್ನಡ ಪದ ಸಾಕೇ?

ಅಪಾರ್ಟ್‌ಮೆಂಟುಗಳ ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ) ನೋಡಿಕೊಳ್ಳುವ ಆಪರೇಟರುಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೊಳಚೆನೀರಿನಿಂದ ಸಾರಜನಕ ತೆಗೆಯುವ ಅಧ್ಯಾಯದಲ್ಲಿ ಒಂದು ಪದ ಕೈಕೊಟ್ಟಿದೆ. ಅನಾಕ್ಸಿಕ್, ಅನೇರೋಬಿಕ್ ಎರಡಕ್ಕೂ ನಮ್ಮಲ್ಲಿ 'ಆಮ್ಲಜನಕರಹಿತ' ಅಂತಲೋ 'ನಿರ್ವಾಯು' ಅಂತಲೋ ಬರೆದುಬಿಡುತ್ತಾರೆ. ಬೇರೆ ಕಡೆ ನಡೆದೀತು, ಇಲ್ಲಿ ನಡೆಯುವುದಿಲ್ಲ.

ಯಾಕೆ ಅಂದರೆ, ಕೊಳಚೆಯಲ್ಲಿ ಸಾರಜನಕ ಇರುವುದು ಹೆಚ್ಚಾಗಿ ಅಮೋನಿಯಾ ರೂಪದಲ್ಲಿ. ಮೂತ್ರದ ಯೂರಿಯಾ ಪೈಪಿನಲ್ಲಿ ಬರುವಾಗಲೇ ಒಡೆದು ಅಮೋನಿಯಾ ಆಗುತ್ತದೆ. ಬ್ಲೋವರ್ ಗಾಳಿ ಊದುವ ತೊಟ್ಟಿಯಲ್ಲಿ ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೊಸ್ಪೈರಾದಂಥವು ಅದನ್ನು ನೈಟ್ರೇಟ್‌ವರೆಗೆ ಒಯ್ಯುತ್ತವೆ. ಇಷ್ಟಾದರೂ ಸಾರಜನಕ ಎಲ್ಲೂ ಹೋಗಿಲ್ಲ, ವೇಷ ಬದಲಿಸಿದೆ ಅಷ್ಟೇ. ಅದನ್ನು ನೀರಿನಿಂದ ಹೊರಹಾಕುವುದು ಅನಾಕ್ಸಿಕ್ ತೊಟ್ಟಿ. ಅಲ್ಲಿ ಗಾಳಿ ಊದುವುದಿಲ್ಲ, ಮಿಕ್ಸರ್ ಮಾತ್ರ ತಿರುಗುತ್ತಿರುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಸಿಗದಿದ್ದಾಗ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ಸಾರಜನಕ ಅನಿಲವಾಗಿ ಗುಳ್ಳೆಯೆದ್ದು ಹೋಗುತ್ತದೆ.

ಅನೇರೋಬಿಕ್ ಅಂದರೆ ಕರಗಿದ ಆಮ್ಲಜನಕವೂ ಇಲ್ಲ, ನೈಟ್ರೇಟೂ ಇಲ್ಲ. ಆಪರೇಟರಿಗೆ ಈ ವ್ಯತ್ಯಾಸ ಮೂಗಿಗೇ ತಿಳಿಯುತ್ತದೆ. ಅನಾಕ್ಸಿಕ್ ತೊಟ್ಟಿ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ, ನೈಟ್ರೇಟ್ ಮುಗಿದು ಅದು ಅನೇರೋಬಿಕ್ ಆಗಿದೆ ಅಂತ ಅರ್ಥ; ಗಾಳಿ ತೊಟ್ಟಿಯಿಂದ ನೈಟ್ರೇಟ್ ನೀರನ್ನು ವಾಪಸ್ ತರುವ ಪಂಪು ನಿಂತಿದೆಯಾ ಅಂತ ಮೊದಲು ನೋಡಬೇಕು. ಎರಡಕ್ಕೂ ಒಂದೇ ಹೆಸರಿಟ್ಟು ಈ ಸೂಚನೆಯನ್ನು ಬರೆಯುವುದು ಹೇಗೆ? 'ಆಮ್ಲಜನಕರಹಿತ ತೊಟ್ಟಿ ಆಮ್ಲಜನಕರಹಿತವಾಗಿದೆ' ಅನ್ನಬೇಕಾ?

'ನಿರ್ವಾಯು' ಇನ್ನೂ ತೊಡಕು. ವಾಯು ಅಂದರೆ ಗಾಳಿ. ಗಾಳಿಯಲ್ಲಿ ನೂರಕ್ಕೆ ಸುಮಾರು 78 ಪಾಲು ಸಾರಜನಕವೇ. ಸಾರಜನಕ ಅನಿಲ ಹುಟ್ಟುವ ತೊಟ್ಟಿಗೆ ನಿರ್ವಾಯು ಅನ್ನುವುದು ತಮಾಷೆ, ಅಲ್ವಾ? ಸಾಲದ್ದಕ್ಕೆ ನಿರ್ವಾತದ ಜೊತೆ ಕಲಸಿಕೊಳ್ಳುತ್ತದೆ.

ಇಂಗ್ಲಿಷಿನಲ್ಲೂ ಎಲ್ಲ ಸರಿಯಿದೆ ಅಂತೇನಿಲ್ಲ. 2002ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ ಮೊದಲ ಪೂರ್ಣಪ್ರಮಾಣದ ಅನಾಮಾಕ್ಸ್ ಘಟಕ, ಅಂದರೆ ಅಮೋನಿಯಾವನ್ನು ನೇರವಾಗಿ ಸಾರಜನಕ ಅನಿಲ ಮಾಡುವ ಬ್ಯಾಕ್ಟೀರಿಯಾದ ಘಟಕ, ಶುರುವಾಯಿತು. ಆ ಹೆಸರಿನ ಮೊದಲ ತುಂಡು 'ಅನೇರೋಬಿಕ್'. ಆದರೆ ಆ ಬ್ಯಾಕ್ಟೀರಿಯಾಕ್ಕೆ ಅಮೋನಿಯಾ ಜೊತೆ ನೈಟ್ರೈಟ್ ಬೇಕೇ ಬೇಕು. ಇಂಜಿನಿಯರುಗಳ ಲೆಕ್ಕದಲ್ಲಿ ಅದು ಅನಾಕ್ಸಿಕ್ ಆಗಬೇಕಿತ್ತು. ಅನಾಮಾಕ್ಸನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಅಮೋನಿಯಾ ನೈಟ್ರೇಟ್ ಆಗುವುದಕ್ಕೆ 'ನೈಟ್ರೀಕರಣ' ಪರವಾಗಿಲ್ಲ. ಕೆಲವರು 'ಸಾರಜನಕೀಕರಣ' ಅನ್ನುತ್ತಾರೆ, ಅದು ಬೇಡ. ಅಮೋನಿಯಾದಲ್ಲಿ ಸಾರಜನಕ ಮೊದಲೇ ಇದೆ, ಹೊಸದಾಗಿ ಏನೂ ಸೇರುವುದಿಲ್ಲ. ಸೇರುವುದು ಆಮ್ಲಜನಕ, ಅದೂ ಜಾಸ್ತಿ. ಅಮೋನಿಯಾದಲ್ಲಿರುವ 1 ಗ್ರಾಂ ಸಾರಜನಕ ನೈಟ್ರೇಟ್ ಆಗಲು ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ಕರೆಂಟ್ ಬಿಲ್ಲು ಏರುವುದಕ್ಕೆ ಇದೂ ಒಂದು ಕಾರಣ. ಈ ಹಂತದಲ್ಲಿ ನೀರಿಗೆ ಆಮ್ಲ ಸೇರಿ ಪಿಎಚ್ ಇಳಿಯುವುದೂ ಉಂಟು. 'ಆಮ್ಲಜನಕ' ಅನ್ನುವ ಹೆಸರು ಇಲ್ಲಾದರೂ ಸಾರ್ಥಕವಾಯಿತು ಅನ್ನಿ.

ನೈಟ್ರೇಟ್ ಸಾರಜನಕ ಅನಿಲವಾಗುವುದಕ್ಕೆ 'ವಿನೈಟ್ರೀಕರಣ' ಕಾಗದದ ಮೇಲೆ ಚೆನ್ನಾಗಿದೆ. ಬ್ಲೋವರ್ ಸದ್ದಿನ ಮಧ್ಯೆ ಫೋನಿನಲ್ಲಿ ಹೇಳಿದರೆ 'ವಿ' ಕೇಳಿಸುವುದೇ ಇಲ್ಲ. ಅದಕ್ಕೇ 'ನೈಟ್ರೇಟ್ ಕಟ್ಟುವುದು', 'ನೈಟ್ರೇಟ್ ಒಡೆಯುವುದು' ಅಂತ ಬರೆದಿದ್ದೇನೆ. ತೊಟ್ಟಿಯ ಕೆಸರಿಗೆ ಅನ್ನುವ ಸ್ಲಡ್ಜ್ ಸ್ಲಡ್ಜೇ. ಅದನ್ನು ಸುಮ್ನೆ ಯಾಕೆ ಕದಡಬೇಕು?

ಇದೇ ದಾರಿಯಲ್ಲಿ ಅನಾಕ್ಸಿಕ್ ತೊಟ್ಟಿಗೆ 'ನೈಟ್ರೇಟ್ ಒಡೆಯುವ ತೊಟ್ಟಿ' ಅನ್ನಬಹುದು. ಬರೀ 'ನೈಟ್ರೇಟ್ ತೊಟ್ಟಿ' ಅಂದರೆ ನೈಟ್ರೇಟ್ ಅಲ್ಲೇ ಹುಟ್ಟುತ್ತದೆ ಅಂದುಕೊಂಡಾರು. ತೊಟ್ಟಿಗೇನೋ ಹೆಸರು ಸಿಕ್ಕಿತು. ಆದರೆ ನೀರಿನ ಸ್ಥಿತಿಗೆ ಏನನ್ನೋಣ? ಕೆರೆಯ ತಳದ ಕೆಸರಿನ ಬಗ್ಗೆ, ಭತ್ತದ ಗದ್ದೆಯ ಬಗ್ಗೆ ಬರೆಯುವಾಗಲೂ ಅನಾಕ್ಸಿಕ್ ಬೇಕಾಗುತ್ತದೆ. ಅಲ್ಲಿ ತೊಟ್ಟಿಯೇ ಇಲ್ಲ. 'ಕರಗಿದ ಆಮ್ಲಜನಕವಿಲ್ಲದ' ಸರಿಯಾಗಿದೆ, ಆದರೆ ಉದ್ದ. ಮಣ್ಣುವಿಜ್ಞಾನ ಕನ್ನಡದಲ್ಲಿ ಕಲಿಸುವವರು, ಕೃಷಿ ಪತ್ರಿಕೆಗಳಿಗೆ ಬರೆಯುವವರು ಇದಕ್ಕೆ ಯಾವ ಮಾತು ಬಳಸುತ್ತೀರಿ? ಅನೇರೋಬಿಕ್‌ನಿಂದ ಬೇರೆ ಮಾಡಿ ಹೇಳುವ ರೂಢಿ ಎಲ್ಲಾದರೂ ಇದ್ದರೆ, ಬಳಕೆಯ ಒಂದು ವಾಕ್ಯದ ಸಮೇತ ತಿಳಿಸಿ.