ಅಣ್ಣ ತಪ್ಪೊಪ್ಪಿಕೊಂಡರೂ ಸಿಟ್ಟು ಬಿಡೋಕೆ ಮನಸ್ಸಿಲ್ಲ. ಇದು ಅಹಂಕಾರನಾ?

ಪ್ರಶ್ನೆ

ಅಪ್ಪ ಹಾಸಿಗೆ ಹಿಡಿದ ಮೇಲೆ ರಾತ್ರಿ ಎದ್ದು ಮಗ್ಗುಲು ಬದಲಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಎಲ್ಲ ನನ್ನ ಪಾಲಿಗೇ ಬಂತು. ಅಣ್ಣ ಬೇರೆ ಊರಲ್ಲಿದ್ದಾನೆ. ಫೋನಿನಲ್ಲಿ "ಹೇಗಿದ್ದಾರೆ?" ಅಂತ ಕೇಳುತ್ತಿದ್ದ, ಅಷ್ಟೇ. ಇದೇ ವಿಷಯಕ್ಕೆ ನಮ್ಮಿಬ್ಬರ ಮಾತು ನಿಂತೇಹೋಗಿತ್ತು.

ಮೊನ್ನೆ ಅವನೇ ಫೋನ್ ಮಾಡಿ, "ಎಲ್ಲಾ ನಿನ್ನ ತಲೆ ಮೇಲೆ ಹಾಕಿಬಿಟ್ಟೆ, ತಪ್ಪಾಯ್ತು" ಅಂದ. ಈ ಮಾತಿಗೇ ನಾನು ಕಾದಿದ್ದು. ಆದರೆ ಕೇಳಿದಾಗ ಖುಷಿ ಆಗಲಿಲ್ಲ, ಏನೋ ಕೈತಪ್ಪಿ ಹೋದ ಹಾಗಾಯಿತು. "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಅಂತ ಹೊಸ ದೂರು ಆಗಲೇ ಹುಟ್ಟಿಕೊಂಡಿತ್ತು. ತಪ್ಪು ಅವನದೇ, ಅದರಲ್ಲಿ ಅನುಮಾನ ಇಲ್ಲ. ಹಾಗಿದ್ದೂ ನನಗೆ ಯಾಕೆ ಹೀಗೆ?

ಉತ್ತರ 1

ಕೈತಪ್ಪಿದ್ದು ಏನು ಅಂತ ಸ್ವಲ್ಪ ನಿಂತು ನೋಡಿ. "ಮಾಡಿದವಳು ನಾನು, ಮಾಡದವನು ಅವನು." ಇಷ್ಟು ದಿನ ಈ ಗೆರೆ ಗಟ್ಟಿಯಾಗಿತ್ತು. ಈಚೆ ಕಡೆ ನೀವೊಬ್ಬರೇ ಇದ್ದಿರಿ. ಅವನು ತಪ್ಪಾಯ್ತು ಅಂದ ಕೂಡಲೇ ಗೆರೆ ಅಳಿಸಿತು. ಮನಸ್ಸು ಅವಸರದಲ್ಲಿ ಇನ್ನೊಂದು ಎಳೆಯಿತು.

ಅಹಂಕಾರ ಅಂದರೆ ಬರೀ ಜಂಬ ಅಂದುಕೊಳ್ಳುತ್ತೇವೆ. ದುಡಿದು ಸುಸ್ತಾದವರ, ನೊಂದವರ ಒಳಗೂ ಅದು ಚೆನ್ನಾಗಿ ಬೇರು ಬಿಡುತ್ತದೆ. ಅಲ್ಲಿ ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಅಲ್ವಾ?

ರಾತ್ರಿ ಮಲಗಿದಾಗ ತಲೆಯೊಳಗೆ ಅವನ ಜತೆ ಜಗಳ ನಡೆಯುತ್ತದೆಯೇ? ಅಲ್ಲಿ ಅಣ್ಣನ ಮಾತನ್ನೂ ನೀವೇ ಆಡುತ್ತೀರಿ. ಅವನಿಗೆ ಪೆದ್ದು ಸಬೂಬು, ನಿಮಗೆ ಚುರುಕಾದ ಉತ್ತರ. ಒಂದು ಸಲವೂ ನೀವು ಸೋಲುವುದಿಲ್ಲ. ಆ ಹೊತ್ತಿಗೆ ಮೈಯನ್ನು ಸುಮ್ನೆ ಗಮನಿಸಿ. ಹಲ್ಲು ಕಚ್ಚಿಕೊಂಡಿರುತ್ತೀರಿ, ಎದೆ ಬಿಗಿದಿರುತ್ತದೆ, ಆದರೂ ಒಳಗೆ ಒಂಥರಾ ಹಿತ. ಆ ಹಿತಕ್ಕೇ ಮನಸ್ಸು ಮತ್ತೆ ಮತ್ತೆ ಅಲ್ಲಿಗೆ ಓಡುವುದು.

1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿದರು: ಮನೆಯ ಕೆಲಸದಲ್ಲಿ ನಿಮ್ಮ ಪಾಲೆಷ್ಟು? ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿಸಿದರೆ ಇರುವ ಕೆಲಸಕ್ಕಿಂತ ಜಾಸ್ತಿಯಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ತಾನು ಮಾಡಿದ್ದು ಬೇಗ ನೆನಪಾಗುತ್ತದೆ, ಇನ್ನೊಬ್ಬರದು ಅಷ್ಟು ಸುಲಭವಾಗಿ ಆಗುವುದಿಲ್ಲ. ನಿಮ್ಮ ಲೆಕ್ಕ ತಪ್ಪು ಅನ್ನುತ್ತಿಲ್ಲ. ಲೆಕ್ಕ ಸರಿಯಿದ್ದಾಗಲೇ ಅಹಂಕಾರಕ್ಕೆ ಅಡಗಿ ಕೂರಲು ಒಳ್ಳೆಯ ಜಾಗ ಸಿಗುವುದು.

ಉತ್ತರ 2

ಮೇಲಿನ ಮಾತಿಗೆ ನನ್ನದೊಂದು ತಕರಾರು. ಮನೆಯಲ್ಲಿ ಜಾಸ್ತಿ ದುಡಿಯುವವರು ಬಾಯಿ ಬಿಟ್ಟ ಕೂಡಲೇ "ಅಹಂಕಾರ ಬಿಡು" ಅನ್ನುವವರನ್ನು ತುಂಬಾ ನೋಡಿದ್ದೇನೆ. ಹಾಗೆ ಅನ್ನುವವರು ಸಾಮಾನ್ಯವಾಗಿ ಕೆಲಸ ಮಾಡದವರೇ. ಅನ್ಯಾಯವನ್ನು ಅನ್ಯಾಯ ಅನ್ನಲೇಬೇಕು.

ಉತ್ತರ 1ರ ಬರಹಗಾರರು

ಒಪ್ಪುತ್ತೇನೆ, ಇದನ್ನು ನಾನೇ ಮೊದಲು ಹೇಳಬೇಕಿತ್ತು. ನಾನು ನೋಡುವುದು ಒಂದೇ: ಈ ದೂರು ಏನಾದರೂ ಕೇಳುತ್ತಿದೆಯೇ? "ತಿಂಗಳಿಗೆ ಒಂದು ವಾರ ನೀನು ಬಂದಿರು" ಅನ್ನುವ ಸಿಟ್ಟಿಗೆ ಒಂದು ಕೊನೆ ಇದೆ. ಅವನು ಬಂದರೆ ಅದು ಮುಗಿಯುತ್ತದೆ. "ನೀನು ಯಾವತ್ತೂ ಹೀಗೇ" ಅನ್ನುವುದು ಏನನ್ನೂ ಕೇಳುವುದಿಲ್ಲ. ಅವನು ಏನು ಮಾಡಿದರೂ ಅದಕ್ಕೆ ಸಾಲದು.

ಪ್ರಶ್ನೆ ಕೇಳಿದವರು

ಕೇಳುವುದು, ಕೇಳದಿರುವುದು ಅಂದಿರಲ್ಲ, ಅದು ನಾಟಿತು. ನಿನ್ನೆ ಅಣ್ಣನಿಗೆ ನೇರವಾಗಿ ಹೇಳಿದೆ: ಮುಂದಿನ ವಾರ ನೀನು ಬಂದು ಇರಬೇಕು, ರಾತ್ರಿಯದೂ ನಿನ್ನದೇ. ಹೂಂ ಅಂದ. ಮಾತ್ರೆಗಳ ಪಟ್ಟಿ ಕಳಿಸು ಅಂದ. ಬರೆಯುತ್ತಾ ಕೂತಾಗ, ಇವನು ಎಲ್ಲವನ್ನೂ ಸರಿಯಾಗಿ ನಿಭಾಯಿಸಿಬಿಟ್ಟರೆ ಅಂತ ಒಂದು ಕಸಿವಿಸಿ ಬಂತು. ಗೆರೆ ಅಂದರೆ ಏನು ಅಂತ ಆಗ ಗೊತ್ತಾಯಿತು. ಪಟ್ಟಿಯನ್ನು ಪೂರ್ತಿ ಬರೆದೆ. ಅಪ್ಪ ಯಾವ ಮಗ್ಗುಲಿಗೆ ಮಲಗಿದರೆ ನೋವು ಅನ್ನುವುದನ್ನೂ ಸೇರಿಸಿ ಕಳಿಸಿದೆ.