ವಕೀಲರಿಲ್ಲದೆ ಆನ್‌ಲೈನ್‌ನಾಗ ಒಪ್ಪಿಗೆಯ ವಿಚ್ಛೇದನಕ್ಕ ಅರ್ಜಿ ಹಾಕಬಹುದೇನ್ರಿ? ಗದಗ, ಹುಬ್ಬಳ್ಳಿ

ಬೆಟಗೇರಿ ಮಗ್ಗ:

ಇಬ್ಬರದೂ ಒಪ್ಪಿಗೆ ಐತಿ. ಮದುವಿ ಗದಗದಾಗ 2017ರಾಗ ಆಗೇತಿ, ಹಿಂದೂ ಪದ್ಧತಿ, ನೋಂದಣಿ ಮಾಡಿಸಿಲ್ಲ. ನಮ್ಮ ಯಜಮಾನರ ಊರು ರಾಣೆಬೆನ್ನೂರು. ಕಡೀಕ ಕೂಡಿ ಇದ್ದದ್ದು ಹುಬ್ಬಳ್ಳಿ ವಿದ್ಯಾನಗರದ ಬಾಡಿಗಿ ಮನ್ಯಾಗ. 14 ತಿಂಗಳಿಂದ ನಾನು ಬೆಟಗೇರಿ ತವರುಮನ್ಯಾಗ, ಅವರು ಪುಣೆದಾಗ ಅದಾರ. 6 ವರ್ಷದ ಮಗಳು ನನ್ನ ಹತ್ರ.

ವಕೀಲರನ್ನ ಇಡದ ನಾವ ಆನ್‌ಲೈನ್‌ನಾಗ ಹಾಕಬಹುದಾ? ಯಾವ ಊರ ಕೋರ್ಟು? ಆರು ತಿಂಗಳ ಗಡುವು ಮಾಫ್ ಆಗತೈತಿ ಅಂತಾರ, ಖರೇನ? ಹಿರ್ಯಾರು ‘ಬಾಂಡ್ ಮ್ಯಾಲ ಸೋಡಚೀಟಿ (ಮದುವಿ ಬಿಟ್ಟ ಚೀಟಿ) ಬರಿಸಿ ನೋಟರಿ ಮಾಡಿಸಿದ್ರ ಮುಗೀತು’ ಅನ್ನಾಕತ್ತಾರ.

ಕರಡು ಕಾಗದ:

ಹಾಕಬಹುದು. ಆದರೆ ಆನ್‌ಲೈನ್‌ನಲ್ಲಿ ಆಗುವುದು ಸಲ್ಲಿಕೆ ಮಾತ್ರ. ಇಬ್ಬರನ್ನೂ ಮುಂದೆ ನಿಲ್ಲಿಸಿ ಕೇಳಿದ ಮೇಲೆಯೇ ನ್ಯಾಯಾಧೀಶರು ವಿಚ್ಛೇದನದ ಡಿಕ್ರಿ (ಅಂತಿಮ ಆದೇಶ) ಕೊಡುತ್ತಾರೆ. ‘15 ದಿನದಲ್ಲಿ ಆನ್‌ಲೈನ್ ಡೈವೋರ್ಸ್’ ಎಂದು ಜಾಹೀರಾತು ಕೊಡುವವರಿಗೆ ದುಡ್ಡು ಕಟ್ಟಬೇಡಿ. ಅವರು ಕಳಿಸುವುದು ಕರಡು ಅರ್ಜಿಯ ಪಿಡಿಎಫ್, ಅಷ್ಟೇ.

ವಕೀಲರ ವಿಷಯ: ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಡುವುದು ಹಕ್ಕೇ ಅಲ್ಲ, ಕಡ್ಡಾಯವಂತೂ ಅಲ್ಲ. ನೀವೇ ನಿಂತು ಮಾತಾಡಬಹುದು.

ಊರಿನ ವಿಷಯ: ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ನೋಡಿ. ಮದುವೆ ನಡೆದ ಊರು, ಕೊನೆಗೆ ಕೂಡಿ ಬಾಳಿದ ಊರು, ಹೆಂಡತಿ ಅರ್ಜಿದಾರಳಾದರೆ ಅವಳು ಈಗಿರುವ ಊರು, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಅಂದರೆ ನಿಮಗೆ ಗದಗವೂ ಆಗುತ್ತದೆ, ಹುಬ್ಬಳ್ಳಿಯೂ ಆಗುತ್ತದೆ. ರಾಣೆಬೆನ್ನೂರು ಅವರ ಹುಟ್ಟೂರು ಎಂಬ ಒಂದೇ ಕಾರಣಕ್ಕೆ ಹಾವೇರಿ ಜಿಲ್ಲೆಗೆ ಹೋಗಲು ಬರುವುದಿಲ್ಲ. ಗದಗವೇ ಲೇಸು, ತಾರೀಖಿಗೆಲ್ಲ ಹೋಗಬೇಕಾದವರು ಮಗು ಇರುವ ನೀವು. ಹುಬ್ಬಳ್ಳಿ ಆರಿಸುವುದಾದರೆ ಒಂದು ಎಚ್ಚರ: ಪೋರ್ಟಲ್‌ನಲ್ಲಿ ಜಿಲ್ಲೆ ಧಾರವಾಡ ಎಂದೇ ಬರುತ್ತದೆ, ಆದರೆ ಹುಬ್ಬಳ್ಳಿ ಮತ್ತು ಧಾರವಾಡದ ಕೋರ್ಟ್ ಸಂಕೀರ್ಣಗಳು ಬೇರೆ ಬೇರೆ. ಅಲ್ಲಿ ತಪ್ಪಿದರೆ ಅರ್ಜಿ ವಾಪಸ್ ಬರುತ್ತದೆ.

ಗಡುವಿನ ವಿಷಯ: ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ ಎರಡು ಹಂತ. ಅರ್ಜಿ ಹಾಕುವ ದಿನಕ್ಕೆ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ 6 ತಿಂಗಳು ಕಳೆದು, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ‘ನಮ್ಮ ಮನಸ್ಸು ಬದಲಾಗಿಲ್ಲ’ ಎನ್ನಬೇಕು. ಆ 6 ತಿಂಗಳನ್ನು ಬಿಟ್ಟುಕೊಡುವ ಅಧಿಕಾರ ಕೆಳ ನ್ಯಾಯಾಲಯಕ್ಕೂ ಇದೆ ಎಂದು 2017ರಲ್ಲಿ ಅಮರದೀಪ್ ಸಿಂಗ್ – ಹರ್ವೀನ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದಕ್ಕೆ ಷರತ್ತುಗಳಿವೆ: ಒಂದು ವರ್ಷದ ಜೊತೆಗೆ ಆ 6 ತಿಂಗಳೂ ಮೊದಲ ಹಂತಕ್ಕೆ ಮುಂಚೆಯೇ ಕಳೆದಿರಬೇಕು, ಇಬ್ಬರನ್ನೂ ಒಂದುಗೂಡಿಸುವ ಮಧ್ಯಸ್ಥಿಕೆ ಫಲ ಕೊಟ್ಟಿರಬಾರದು, ಜೀವನಾಂಶ ಮತ್ತು ಮಗುವಿನ ವಿಷಯ ನಿಜವಾಗಿ ಇತ್ಯರ್ಥವಾಗಿರಬೇಕು. ಮೊದಲ ಹಂತ ಮುಗಿದು ಒಂದು ವಾರದ ಮೇಲೆ ಮನ್ನಾ ಅರ್ಜಿ ಹಾಕಬಹುದು.

ನಿಮಗೆ ಆಗಿರುವುದು 14 ತಿಂಗಳು. ಈಗಲೇ ಹಾಕಿದರೆ ಎರಡನೇ ಹಂತ 20ನೇ ತಿಂಗಳಿಗೆ ಬರುತ್ತದೆ. ಮನ್ನಾ ಸಿಗಲೆಂದು ಬೇರೆಯಾಗಿ 18 ತಿಂಗಳಾಗುವವರೆಗೆ ಕಾದರೆ ಉಳಿಯುವುದು ಹೆಚ್ಚೆಂದರೆ ಒಂದೂವರೆ ತಿಂಗಳು, ಅದೂ ನ್ಯಾಯಾಧೀಶರು ಒಪ್ಪಿದರೆ. ಕಾಯಬೇಡಿ, ಈಗಲೇ ಹಾಕಿ.

ಇನ್ನು ಸಲ್ಲಿಕೆ. ಇ-ಕೋರ್ಟ್ಸ್‌ನ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ವಕೀಲರಿಗೂ ಕಕ್ಷಿದಾರರಿಗೂ ಬೇರೆ ಬೇರೆ ನೋಂದಣಿ ಇದೆ, ನೀವು ಕಕ್ಷಿದಾರರೆಂದೇ ನೋಂದಾಯಿಸಿ. ಪ್ರಕರಣದ ಬಗೆ ಎಂ.ಸಿ. (ವೈವಾಹಿಕ ಪ್ರಕರಣ), ಕಾಯ್ದೆ ಹಿಂದೂ ವಿವಾಹ ಕಾಯ್ದೆ 1955, ಕಲಂ 13ಬಿ. ಇದು ಜಂಟಿ ಅರ್ಜಿ, ಹಾಗಾಗಿ ನೀವು 1ನೇ ಅರ್ಜಿದಾರರು, ಅವರು 2ನೇ ಅರ್ಜಿದಾರರು. ಅವರ ಹೆಸರನ್ನು ಎದುರುದಾರರ ಕಾಲಂನಲ್ಲಿ ತುಂಬುವುದು ಸಾಮಾನ್ಯ ತಪ್ಪು. ಇ-ಸಹಿಯ ಒಟಿಪಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೇ ಬರುತ್ತದೆ. ಹಳೇ ನಂಬರ್ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ. ಶುಲ್ಕ ನಿಗದಿತ ಸಣ್ಣ ಮೊತ್ತ. ಸ್ಕ್ಯಾನ್ 300 ಡಿಪಿಐ ಇರಲಿ, ಪುಟ ಸಂಖ್ಯೆ ಮತ್ತು ಸೂಚಿ ಹಾಕಿ, ಎಲ್ಲ ಪುಟಕ್ಕೂ ಇಬ್ಬರ ಸಹಿ ಇರಲಿ. ಮೂಲ ಪ್ರತಿಯನ್ನು ಪ್ರಿಂಟಿನಲ್ಲೂ ಇಟ್ಟುಕೊಂಡಿರಿ, ಕೇಳುತ್ತಾರೆ. ಪರಿಶೀಲನೆಯಲ್ಲಿ ಆಕ್ಷೇಪಣೆ ಬಂದರೆ ತಿದ್ದಿ ಮರುಸಲ್ಲಿಸಬೇಕು. ಪಾಸಾದ ಮೇಲೆ ಪ್ರಕರಣವನ್ನು ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಗುತ್ತದೆ, ತಾರೀಖುಗಳನ್ನು ಅದರಲ್ಲೇ ನೋಡಬಹುದು. ಇಷ್ಟೆಲ್ಲ ತೊಡಕೆನಿಸಿದರೆ ಕೋರ್ಟ್ ಆವರಣದ ಇ-ಸೇವಾ ಕೇಂದ್ರಕ್ಕೆ ಹೋಗಿ.

ಅರ್ಜಿ ಕನ್ನಡದಲ್ಲೇ ಇರಲಿ. ದೂರು, ಆರೋಪ ಒಂದೂ ಬೇಡ. ಮುಖ್ಯ ವಾಕ್ಯ ಇಷ್ಟು: ‘ಅರ್ಜಿದಾರರಿಬ್ಬರೂ ದಿನಾಂಕ ಇಂಥದ್ದರಿಂದ ಪ್ರತ್ಯೇಕವಾಗಿ ವಾಸಿಸುತ್ತಿದ್ದು, ಅಂದಿನಿಂದ ಇಂದಿನವರೆಗೆ ಪತಿ-ಪತ್ನಿಯರಾಗಿ ಸಂಸಾರ ನಡೆಸಿರುವುದಿಲ್ಲ. ಈ ಸಮ್ಮತಿಯನ್ನು ಬಲವಂತ, ವಂಚನೆ ಅಥವಾ ಅನುಚಿತ ಪ್ರಭಾವದಿಂದ ಪಡೆದಿರುವುದಿಲ್ಲ.’ ಈ ದಿನಾಂಕ ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ನಿಮ್ಮಿಬ್ಬರ ಒಪ್ಪಂದ ಮೂರರಲ್ಲೂ ಒಂದೇ ಇರಬೇಕು, ಕಟಕಟೆಯಲ್ಲಿ ಇಬ್ಬರ ಬಾಯಲ್ಲೂ ಅದೇ ಬರಬೇಕು. ಹೆಚ್ಚಿನ ಒಪ್ಪಿಗೆ ಅರ್ಜಿಗಳು ಎಡವುವುದು ಇಲ್ಲೇ.

ನೋಂದಣಿ ಇಲ್ಲದ್ದಕ್ಕೆ ಹೆದರಬೇಡಿ, ಮದುವೆ ಅದರಿಂದ ಅಸಿಂಧು ಆಗುವುದಿಲ್ಲ. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ಇಬ್ಬರ ಆಧಾರ್, ಮಗಳ ಜನನ ಪ್ರಮಾಣಪತ್ರ ಸಾಕು. ಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರಿದ್ದು ಆಧಾರ್‌ನಲ್ಲಿ ಬೇರೆ ಇದ್ದರೆ ‘ಎರಡೂ ಹೆಸರು ಒಬ್ಬರದೇ’ ಎಂಬ ಸಾಲನ್ನು ಅಫಿಡವಿಟ್‌ನಲ್ಲಿ ಸೇರಿಸಿ. ಕೋರ್ಟಿಗೆ ಸಲ್ಲಿಸುವ ಪ್ರಮಾಣಪತ್ರಕ್ಕೆ ಛಾಪಾ ಕಾಗದ ಬೇಕಿಲ್ಲ.

ಶಿರಸ್ತೇದಾರ ಅಲ್ಲ:

ಮ್ಯಾಲಿನವರು ಹೇಳಿದ್ದು ಎಲ್ಲಾ ಬರೋಬರಿ ಐತ್ರಿ. ಆದ್ರ ಪೋರ್ಟಲ್ ಕೆಲಸ ಅರ್ಧಾ ದಿನದ್ದು. ಖರೇ ಕೆಲಸ ಒಪ್ಪಂದ ಪತ್ರದಾಗ ಐತಿ. ‘ಎಲ್ಲಾ ಮಾತುಕತಿ ಆಗೇತಿ’ ಅಂತ ಒಂದ ಸಾಲು ಬರದ್ರ ಮುಂದ ಜಗಳ ಅಲ್ಲಿಂದನ ಏಳತೈತಿ.

ರೊಕ್ಕದ್ದು ಮೊದಲ. ಒಟ್ಟು ಎಷ್ಟು, ಎಷ್ಟು ಕಂತು, ಯಾವ ದಿನ ಅಂತ ಬಿಡಿಸಿ ಬರೀರಿ. ಒಪ್ಪಿಗೆಯನ್ನ ಡಿಕ್ರಿ ಆಗೂ ತನಕ ಯಾರರ ಒಬ್ಬರು ಹಿಂದಕ್ಕ ತಗೋಬಹುದು, 1991ರಾಗ ಸುರೇಷ್ಟಾ ದೇವಿ ಪ್ರಕರಣದಾಗ ಸುಪ್ರೀಂ ಕೋರ್ಟ್ ಹಂಗ ಹೇಳೇತಿ. ಅದಕ್ಕ ಪೂರಾ ರೊಕ್ಕ ಮೊದಲ ಕೊಟ್ಟ್ರ ಅವರಿಗಿ ಅಂಜಿಕಿ, ಏನೂ ಕೊಡದಿದ್ರ ನಿಮಗ ಅಂಜಿಕಿ. ಅರ್ಧಾ ಮೊದಲ ಹಂತದಾಗ, ಉಳಿದದ್ದು ಎರಡನೇ ಹಂತದ ದಿನ ಕೋರ್ಟ್ ಮುಂದ ಡಿ.ಡಿ. ಕೊಡೂದು ಛಲೋ ಪದ್ಧತಿ. ಮುಂದಿನ ತಾರೀಖಿನ ಚೆಕ್ ತಗೋಬ್ಯಾಡ್ರಿ. ಡಿ.ಡಿ.ನೂ ಭಾಳ ಮೊದಲ ತಗಿಸಬ್ಯಾಡ್ರಿ, ಅದರ ಆಯುಷ್ಯ 3 ತಿಂಗಳು. ತಾರೀಖು ಮುಂದ ಹೋದ್ರ ಮತ್ತ ಬ್ಯಾಂಕಿಗಿ ಅಡ್ಡಾಡಬೇಕು.

ಬಂಗಾರ ಗ್ರಾಂ ಲೆಕ್ಕದಾಗ ಬರೀರಿ: ಪಾಟ್ಲಿ, ಬೋರಮಾಳ, ತಾಳಿಸರ ಒಂದೊಂದು ಬ್ಯಾರೆ ಸಾಲಿನ್ಯಾಗ, ಎಷ್ಟು ಮುಟ್ಯಾವ, ಎಷ್ಟು ಬರೂದೈತಿ ಅಂತ. ತವರಿಂದ ಬಂದ ಕಪಾಟು, ಭಾಂಡೆ ಸಾಮಾನಿನ ಪಟ್ಟಿನೂ ಅದರ ಹಿಂದ ಹಚ್ಚ್ರಿ.

ಮಗಳ ವಿಷಯ ನ್ಯಾಯಾಧೀಶರು ಬಿಡಿಸಿ ಬಿಡಿಸಿ ಕೇಳತಾರ. ಯಾರ ಹತ್ರ ಇರೂದು, ತಂದಿ ಯಾವ ವಾರ ಭೇಟಿ ಆಗೂದು, ಬ್ಯಾಸಿಗಿ ಮತ್ತ ದಸರಾ ಸೂಟಿ ಹೆಂಗ ಹಂಚೂದು, ಫೀ ಯಾರು ತುಂಬೂದು, ಪಾಸ್‌ಪೋರ್ಟಿಗಿ ತಾಯಿ ಒಬ್ಬಾಕಿ ಸಹಿ ಸಾಕು ಅನ್ನೂದು, ಎಲ್ಲಾ ಬರಲಿ. ಸುಕನ್ಯಾ ಸಮೃದ್ಧಿ ಖಾತೆ ಇದ್ರ ಪಾಲಕರು ಯಾರು, ವರ್ಷಕ್ಕ ಎಷ್ಟು ತುಂಬತಾರ ಅಂತನೂ ಬರೀರಿ, ವರ್ಷದ ಮಿತಿ 1.5 ಲಕ್ಷ. ‘ಮಗಳಿಗಿ ಏನೂ ಕೇಳೂದಿಲ್ಲ’ ಅಂತ ನೀವು ಬರಕೊಟ್ಟ್ರೂ ಅದು ಆಕಿ ಹಕ್ಕನ್ನ ಕಟ್ಟಿಹಾಕೂದಿಲ್ಲ, ಮಕ್ಕಳ ಜೀವನಾಂಶದ ಹಕ್ಕು ಬ್ಯಾರೇನ. ಹಂಗ ಬರದಿದ್ದು ಕಂಡ್ರ ಕೋರ್ಟಿನ್ಯಾಗ ಪ್ರಶ್ನೆ ಬರೂದು ಗ್ಯಾರಂಟಿ.

ಇಬ್ಬರ ಹೆಸರಿಲೆ ಪ್ಲಾಟ್ ಇದ್ರ ಡಿಕ್ರಿ ಮ್ಯಾಲ ಬಿಡಬ್ಯಾಡ್ರಿ. ಆಸ್ತಿ ನೋಂದಣಿಯ ಕಾವೇರಿ 2.0 ಪೋರ್ಟಲ್‌ನಾಗ ಹಾಕಿ ಉಪನೋಂದಣಿ ಕಚೇರಿಯೊಳಗ ಹಕ್ಕು ಬಿಡುಗಡೆ ಪತ್ರ ಮಾಡಿಸ್ರಿ.

ತುಂಗಭದ್ರಾ ದಂಡಿ:

ಬಾಂಡ್ ಸೋಡಚೀಟಿ ಬಗ್ಗೆ: ಅದರಿಂದ ಮದುವೆ ಮುರಿಯುವುದಿಲ್ಲ, ನೋಟರಿ ಮುದ್ರೆ ಎಷ್ಟೇ ಇರಲಿ. ಸಮುದಾಯದ ರೂಢಿಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ಉಳಿಸಿದೆ, ನಿಜ. ಆದರೆ ಆ ರೂಢಿ ಹಿಂದಿನಿಂದ ನಡೆದುಬಂದಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಅದನ್ನು ನಂಬಿ ಮರುಮದುವೆಯಾದರೆ ಎರಡನೇ ಮದುವೆ ಅಸಿಂಧು, ಮೇಲೆ ದ್ವಿಪತ್ನಿತ್ವದ ಕೇಸು. ಪಿಂಚಣಿ, ವಿಮೆ, ಅನುಕಂಪದ ನೌಕರಿ ಬಂದಾಗಲೂ ಆ ಕಾಗದವನ್ನು ಯಾರೂ ಒಪ್ಪುವುದಿಲ್ಲ.

ಕರಡು ಬರೆಯಲು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ‘ವಕೀಲರಿಲ್ಲದೆ’ ಎಂಬ ಹಟ ಖರ್ಚಿಗಾಗಿ ಮಾತ್ರ ಇದ್ದರೆ ಅದು ಬೇಡವೇ ಬೇಡ.

ಬೆಟಗೇರಿ ಮಗ್ಗ:

ಭಾಳ ಉಪಕಾರ ಆತ್ರಿ. ಇನ್ನೆರಡು ಐತಿ. ಅವರಿಗಿ ಪುಣೆಯಿಂದ ಪ್ರತಿ ಸಲ ಸೂಟಿ ಸಿಗೂದಿಲ್ಲ. ಮತ್ತ ಹೋದ ವರ್ಷ ಮಹಿಳಾ ಠಾಣೆದಾಗ ನಾನು ಕೊಟ್ಟ ದೂರಿನ ಮ್ಯಾಲ ಎಫ್‌ಐಆರ್ ಆಗಿತ್ತು, ಅದನ್ನ ವಾಪಸ್ ತಗೊಂತೀನಿ ಅಂತ ಬರದಕೊಟ್ಟ್ರ ನಡೀತೈತೇನು?

ಶಿರಸ್ತೇದಾರ ಅಲ್ಲ:

ಠಾಣೆದಾಗ ಬರದಕೊಟ್ಟ್ರ ನಡಿಯೂದಿಲ್ಲ ತಂಗಿ. ವರದಕ್ಷಿಣೆ ಕಿರುಕುಳದ ಕಲಂ, ಹಳೇ ದಂಡ ಸಂಹಿತೆಯ 498ಎ ಇರಲಿ, 2024ರ ಜುಲೈ 1ರ ಮ್ಯಾಲಿನ ಹೊಸ ಭಾರತೀಯ ನ್ಯಾಯ ಸಂಹಿತೆಯ 85 ಇರಲಿ, ರಾಜಿ ಮಾಡಿಕೊಂಡು ಕೆಳಗಿನ ಕೋರ್ಟಿನ್ಯಾಗ ಮುಗಿಸೂ ಪೈಕಿ ಅಲ್ಲ. ಹೈಕೋರ್ಟ್ ಧಾರವಾಡ ಪೀಠದಾಗ ರದ್ದು ಮಾಡಿಸಬೇಕು, ನಾಗರಿಕ ಸುರಕ್ಷಾ ಸಂಹಿತೆಯ 528ರ ಕೆಳಗ, ನಿಮ್ಮ ಒಪ್ಪಿಗೆಯ ಪ್ರಮಾಣಪತ್ರ ಹಚ್ಚಿ. ಇದೊಂದಕ್ಕ ವಕೀಲರನ್ನ ಹಿಡೀರಿ. ಜೀವನಾಂಶದ ಅರ್ಜಿ, ಕೌಟುಂಬಿಕ ಹಿಂಸೆಯ ಅರ್ಜಿ ಇದ್ರ ಅವನ್ನ ಆಯಾ ಕೋರ್ಟಿನ್ಯಾಗನ ಮೆಮೊ ಹಾಕಿ ಹಿಂದಕ್ಕ ತಗೋಬಹುದು. ಎಲ್ಲಾ ಕೇಸಿನ ನಂಬರ್ ಒಪ್ಪಂದದಾಗ ಬರದು, ಯಾವುದು ಯಾವಾಗ ಮುಗಿಸೂದು ಅಂತ ಕಂತಿನ ಜೋಡಿ ಹೊಂದಿಸ್ರಿ. ಎಫ್‌ಐಆರ್ ಮುಚ್ಚಿಟ್ಟು ಜಂಟಿ ಅರ್ಜಿ ಹಾಕಬ್ಯಾಡ್ರಿ.

ಕರಡು ಕಾಗದ:

ಪುಣೆಯವರ ವಿಷಯ: ಪ್ರಮಾಣಪತ್ರಕ್ಕೆ ಅವರು ಅಲ್ಲಿನ ನೋಟರಿ ಮುಂದೆಯೇ ಸಹಿ ಮಾಡಬಹುದು. ಹಾಜರಿಗೆ ಕರ್ನಾಟಕದ ವಿಡಿಯೊ ಕಾನ್ಫರೆನ್ಸ್ ನಿಯಮಗಳಿವೆ, ಆದರೆ ಅದು ನ್ಯಾಯಾಧೀಶರ ಅನುಮತಿಗೆ ಬಿಟ್ಟದ್ದು. ತಾರೀಖಿನ ದಿನ ಬಾಯಲ್ಲಿ ಕೇಳಿದರೆ ಆಗುವುದಿಲ್ಲ. ಮುಂಚೆಯೇ ಮಧ್ಯಂತರ ಅರ್ಜಿ ಹಾಕಿ, ರಜೆ ಸಿಗದ ಬಗ್ಗೆ ಕಚೇರಿಯ ಪತ್ರ ಜೋಡಿಸಿ. ಮೊದಲ ಹಂತಕ್ಕೂ ಮಧ್ಯಸ್ಥಿಕೆಗೂ ಅವರು ಖುದ್ದಾಗಿ ಬಂದು, ಎರಡನೇ ಹಂತಕ್ಕೆ ವಿಡಿಯೊ ಕೇಳುವುದು ಜಾಣತನ, ನ್ಯಾಯಾಧೀಶರು ಒಮ್ಮೆ ಮುಖ ನೋಡಿದವರಿಗೆ ಅನುಮತಿ ಬೇಗ ಸಿಗುತ್ತದೆ. ಆದರೆ ಡಿ.ಡಿ. ಅದೇ ದಿನ ಕೈಗೆ ಬರುವಂತೆ ಅವರ ಮನೆಯವರೊಬ್ಬರು ಕೋರ್ಟಿನಲ್ಲಿರಲಿ.

ಅರ್ಜಿ ಹಾಕಿದ ದಿನದಿಂದ 18 ತಿಂಗಳ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದು ಮೀರಿದರೆ ಹೊಸ ಅರ್ಜಿ ಹಾಕಬೇಕಾಗಬಹುದು. ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19(2) ನೋಡಿ. ಡಿಕ್ರಿಯಾದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ, ಒಂದಲ್ಲ, ಮೂರು ನಾಲ್ಕು ಪ್ರತಿ ಕೇಳಿ. ಶಾಲೆ, ಬ್ಯಾಂಕ್, ರೇಷನ್ ಕಾರ್ಡ್ ಕಚೇರಿಯಲ್ಲೆಲ್ಲ ಅದನ್ನೇ ಕೇಳುತ್ತಾರೆ. ನಕಲಿನಲ್ಲಿ ಮಗಳ ಹೆಸರು, ಹುಟ್ಟಿದ ದಿನಾಂಕ, ಒಪ್ಪಂದದ ಷರತ್ತುಗಳು ಡಿಕ್ರಿಯ ಭಾಗವಾಗಿ ಬಂದಿವೆಯೇ ಎಂದು ಕೌಂಟರಿನಲ್ಲೇ ಓದಿ ನೋಡಿ.