ಪದಚರ್ಚೆ: ಚಿಕಿತ್ಸಕರು ಪಡೆಯುವ 'ಸೂಪರ್‌ವಿಷನ್' ಮೇಲ್ವಿಚಾರಣೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಮನೋಚಿಕಿತ್ಸಕರ ವೃತ್ತಿನೀತಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಚಿಕಿತ್ಸಕರು ತಪ್ಪದೆ ಸೂಪರ್‌ವಿಷನ್ ಪಡೆಯಬೇಕು' ಎಂಬಲ್ಲಿಗೆ ಬಂದು ಕೂತಿದ್ದೇನೆ. ನಿಘಂಟು ಕೊಡುವುದು 'ಮೇಲ್ವಿಚಾರಣೆ'. ಆದರೆ ಮೇಲ್ವಿಚಾರಣೆಯನ್ನು ಮಾಡುತ್ತಾರೆ, ಯಾರೂ ಬಯಸಿ ಪಡೆಯುವುದಿಲ್ಲ. ಕೇಳಿದೊಡನೆ ನೆನಪಾಗುವುದು ಪರೀಕ್ಷಾ ಕೊಠಡಿ, ಕಟ್ಟಡದ ಕಾಮಗಾರಿ.

ಇಲ್ಲಿ ನಡೆಯುವುದೇ ಬೇರೆ. ಚಿಕಿತ್ಸಕರು ತಮ್ಮ ಕೇಸನ್ನು, ಕ್ಲೈಂಟ್‌ನ ಗುರುತು ಬಿಟ್ಟುಕೊಡದೆ, ಇನ್ನೊಬ್ಬ ಅನುಭವಿಯ ಮುಂದಿಡುತ್ತಾರೆ. ಎಲ್ಲಿ ತೊಡಕಾಯಿತು? ಈ ಒಬ್ಬರು ಬಂದಾಗ ಮಾತ್ರ ನನಗೇಕೆ ಸಿಡಿಮಿಡಿ? ಇಂಥವು ಅಲ್ಲಿ ಹೊರಬರುತ್ತವೆ. ಹಾಗೆಂದು ಅದು ಚಿಕಿತ್ಸಕರಿಗೇ ಕೊಡುವ ಚಿಕಿತ್ಸೆಯಲ್ಲ. ಅವರ ಸ್ವಂತ ನೋವು ಕೇಸಿಗೆ ತಗಲುವಷ್ಟು ಮಾತ್ರ ಚರ್ಚೆಗೆ ಬರುತ್ತದೆ. ಸೂಪರ್‌ವಿಷನ್ ಬಗ್ಗೆ ಬರೆದ ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ ಇದಕ್ಕೆ ಮೂರು ಕೆಲಸ ಹೇಳಿದ್ದಾರೆ: ವೃತ್ತಿಯ ಕಟ್ಟುಪಾಡು ಕಾಯುವುದು, ಕಲಿಸುವುದು, ದಣಿದವರಿಗೆ ಚೇತರಿಕೆ ಕೊಡುವುದು. 'ಮೇಲ್ವಿಚಾರಣೆ' ಮೊದಲನೆಯದನ್ನಷ್ಟೇ ಹಿಡಿಯುತ್ತದೆ.

ಅಧಿಕಾರದ ವಾಸನೆ ಮೂಲದಲ್ಲೂ ಇತ್ತೆನ್ನಿ. 1920ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ ಮನೋವಿಶ್ಲೇಷಣೆಯ ಚಿಕಿತ್ಸಾಲಯದ ತರಬೇತಿಯಲ್ಲಿ ಇದಕ್ಕೆ ಹೇಳುತ್ತಿದ್ದುದು 'ಕಂಟ್ರೋಲ್ ಅನಾಲಿಸಿಸ್' ಎಂದೇ. ತರಬೇತಿಯಲ್ಲಿರುವವರ ಮಟ್ಟಿಗೆ ಅದು ಸರಿ: ಅವರ ಕೆಲಸಕ್ಕೆ ಮೇಲಿನವರೂ ಹೊಣೆ, ಪಾಸು-ಫೇಲೂ ಅವರ ಕೈಯಲ್ಲೇ. ಆದರೆ ಬ್ರಿಟನ್ನಿನ ವೃತ್ತಿಸಂಘ ಬಿಎಸಿಪಿಯ ಮಾನ್ಯತೆ ಪಡೆದ ಆಪ್ತಸಮಾಲೋಚಕರು, ಎಷ್ಟೇ ಹಳಬರಾದರೂ, ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್‌ಗೆ ಕೂರಬೇಕು. ಇಪ್ಪತ್ತು ವರ್ಷ ಪಳಗಿದವರಿಗೆ ಎಂಥ 'ಮೇಲು'?

ಬದಲಿ ಪದಗಳನ್ನೂ ನೋಡಿದೆ. 'ಮಾರ್ಗದರ್ಶನ' ಒಮ್ಮುಖ. 'ವೃತ್ತಿ ಸಮಾಲೋಚನೆ' ಎಂದರೆ ಯಾವ ಕೋರ್ಸು ಸೇರಲಿ ಎಂದು ಕೇಳುವ ವಿದ್ಯಾರ್ಥಿಗಳು ಬಂದು ನಿಲ್ಲುತ್ತಾರೆ! 'ಕೇಸ್ ಚರ್ಚೆ' ಆಡುಮಾತಿಗೆ ಹತ್ತಿರ, ಆದರೆ ಚಿಕಿತ್ಸಕರ ಮನಸ್ಸು ಅದರಿಂದ ಹೊರಗುಳಿಯುತ್ತದೆ.

ಸದ್ಯಕ್ಕೆ ತರಬೇತಿಯವರಿಗೆ 'ಮೇಲ್ವಿಚಾರಣೆ', ಅನುಭವಿಗಳಿಗೆ 'ಸಹವಿಚಾರಣೆ' ಎಂದು ಎರಡು ಪದ ಇಟ್ಟುಕೊಂಡಿದ್ದೇನೆ. 'ವಿಚಾರಣೆ' ಎಂದರೆ ಪೊಲೀಸ್ ಠಾಣೆಯೇ ಕಣ್ಮುಂದೆ ಬರುತ್ತದೆಂಬ ಆಕ್ಷೇಪ ಗೊತ್ತು. ಆದರೆ 'ಯೋಗಕ್ಷೇಮ ವಿಚಾರಿಸು' ಎಂಬಲ್ಲಿನ ಅಕ್ಕರೆಯೂ ಅದೇ ಧಾತುವಿನದಲ್ಲವೆ? ಈ ಕ್ಷೇತ್ರದಲ್ಲಿರುವವರು ಕನ್ನಡದಲ್ಲಿ ಮಾತಾಡುವಾಗ ಏನೆನ್ನುತ್ತೀರಿ? ಎಲ್ಲರೂ 'ಸೂಪರ್‌ವಿಷನ್' ಎಂದೇ ಅನ್ನುವುದಾದರೆ ಅದನ್ನೇ ಉಳಿಸಿಕೊಳ್ಳಲು ನನ್ನ ಅಡ್ಡಿಯಿಲ್ಲ.